ಹದಿಮೂರು ಮೈಲಿಯ ಲೆಕ್ಕ

ಕಡೂರು
21-4-1913

ಭಾವನವರಿಗೆ ಷಣ್ಮುಖನ ಶರಣು.

ಅಜ್ಜಂಪುರಕ್ಕೆ ಟಪ್ಪಾಲು ಬಂದು ತಲುಪಿದ ಹೊತ್ತಿನ ಪಟ್ಟಿ, ಈ ತಿಂಗಳ ಒಂದರಿಂದ ಹದಿನೈದರವರೆಗಿನದು, ಕೈಸೇರಿತು. ಮೂರು ಸಲ ಓದಿದೆ. ನನ್ನ ಮದುವೆಯ ಲಗ್ನಪತ್ರಿಕೆಯನ್ನೂ ಅಷ್ಟು ಸಲ ಓದಿರಲಿಲ್ಲ.

ತರೀಕೆರೆಯಿಂದ ಅಜ್ಜಂಪುರದವರೆಗಿನ ಹದಿಮೂರು ಮೈಲಿ ದಾರಿಯ ನಾಲ್ವರು ಟಪ್ಪಾಲಿನವರನ್ನು ನಾನು ಜನವರಿಯಲ್ಲಿ ಕಡೂರಿಗೆ ಕರೆಸಿ, ಹೆಗಲಿಗೆ ಚೀಲ ಹಾಕಿಸಿ, ಬೀರೂರು ರಸ್ತೆಯಲ್ಲಿ ಮೂರು ಮೈಲಿ ಓಡಿಸಿದಾಗ ನೀವು ನಕ್ಕಿರಿ. ಮೂರು ಮೈಲಿ ನೋಡಿ ಹದಿಮೂರು ಮೈಲಿಯ ಹೊತ್ತು ಹೇಳುವ ನಿನಗೂ, ಅಂಗೈ ನೋಡಿ ಆಯಸ್ಸು ಹೇಳುವವನಿಗೂ ಏನು ವ್ಯತ್ಯಾಸ ಅಂದಿರಿ. ವ್ಯತ್ಯಾಸ ಈಗ ನಿಮ್ಮ ಕೈಬರಹದಲ್ಲೇ ಇದೆ.

ನನ್ನ ಲೆಕ್ಕ ಸರಳ. ಕಡೂರಿನ ಗರಡಿಯವರನ್ನು ಒಂದು ವರ್ಷ ಓಡಿಸಿ ಕಂಡುಕೊಂಡದ್ದು. ಒಂದು ಮೈಲಿಯನ್ನು ಹತ್ತು ನಿಮಿಷಕ್ಕೆ ಓಡುವವನು ಎರಡು ಮೈಲಿಯನ್ನು ಇಪ್ಪತ್ತಕ್ಕೆ ಓಡುವುದಿಲ್ಲ, ಇಪ್ಪತ್ತೊಂದರ ಹತ್ತಿರ ತೆಗೆದುಕೊಳ್ಳುತ್ತಾನೆ. ನಾಲ್ಕು ಮೈಲಿಗೆ ನಲವತ್ತಮೂರೂವರೆ. ದೂರ ಹೆಚ್ಚಿದಂತೆ ಮನುಷ್ಯ ದಣಿಯುತ್ತಾನೆ, ಆ ದಣಿವಿಗೂ ಒಂದು ಲೆಕ್ಕವಿದೆ. ಮೂರು ಮೈಲಿಗೆ ಮೂವತ್ತನಾಲ್ಕು ನಿಮಿಷ ತೆಗೆದುಕೊಂಡ ಕೆಂಚಪ್ಪ ಹದಿಮೂರು ಮೈಲಿಗೆ ಎರಡು ಗಂಟೆ ನಲವತ್ತೊಂದು ನಿಮಿಷ ತೆಗೆದುಕೊಳ್ಳಬೇಕು ಎಂದು ಬರೆದೆ. ಮೂವತ್ತೆರಡಕ್ಕೆ ಓಡಿದ ಕರಿಸಿದ್ದಪ್ಪನಿಗೆ ಎರಡು ಗಂಟೆ ಮೂವತ್ತೊಂದು. ಮುನಾವರ್‌ಗೂ ದೊಡ್ಡಬೀರಪ್ಪನಿಗೂ ಹೀಗೆಯೇ ಒಂದೊಂದು. ನಿಮ್ಮ ಪಟ್ಟಿಯಲ್ಲಿ ಒಬ್ಬನಾದರೂ ಎರಡು ನಿಮಿಷ ಆಚೀಚೆ ಆಗಿಲ್ಲ. ಹಿಂದೆ ಇವರೇ ಮೂರು ಗಂಟೆ ತೆಗೆದುಕೊಂಡು ಬಂದು, ಬಿಸಿಲು ಸ್ವಾಮಿ ಅನ್ನುತ್ತಿದ್ದರು.

ಆ ದಾರಿಯ ಮೇಲೆ ಯಾರ ಕಣ್ಣೂ ಇಲ್ಲ ಭಾವ. ಓಡುತ್ತಾನೋ, ಹುಣಸೆಮರದ ಕೆಳಗೆ ಮಲಗುತ್ತಾನೋ, ಚೀಲವನ್ನು ಇನ್ನೊಬ್ಬನ ಕೈಗೆ ಕೊಟ್ಟು ಬೀಗರ ಊಟಕ್ಕೆ ಹೋಗುತ್ತಾನೋ, ಯಾರು ಕಂಡರು. ನಾನು ಓವರ್ಸಿಯರ್ ಆದ ಮೇಲೆ ಯಾರ ಮಾತನ್ನೂ ನಂಬಿಲ್ಲ. ನಾನು ಬರೆದುಕೊಟ್ಟ ಹೊತ್ತಿನ ಪಟ್ಟಿಯೇ ನನ್ನ ಕಣ್ಣು. ಗೋಡೆಯ ಮೇಲೆ ಅಂಟಿಸಿದ್ದು ಹರಿಯದಂತೆ ನೋಡಿಕೊಳ್ಳಿ. ಮೂರು ಸಲ ಹೊತ್ತು ಮೀರಿದವನ ಹೆಸರು ಹೊಡೆದುಹಾಕುವುದು ಎಂಬ ಸಾಲನ್ನು ಅವರಿಗೆ ಇನ್ನೊಮ್ಮೆ ಓದಿ ಹೇಳಿ. ಆರು ತಿಂಗಳು ಹೀಗೇ ನಡೆದರೆ ಇಡೀ ಜಿಲ್ಲೆಗೆ ಇದನ್ನೇ ಹಾಕುತ್ತೇವೆ, ನೀನು ಚಿಕ್ಕಮಗಳೂರಿಗೆ ಬರುವೆಯಂತೆ ಎಂದು ಮೇಲಿನವರು ಹೇಳಿದ್ದಾರೆ. ಅಕ್ಕನಿಗೆ ಈಗಲೇ ಹೇಳಬೇಡಿ.

ಷಣ್ಮುಖಪ್ಪ


ಅಜ್ಜಂಪುರ
26-4-1913

ಷಣ್ಮುಖನಿಗೆ ಈರಭದ್ರಪ್ಪನ ಆಶೀರ್ವಾದ.

ನಿನ್ನ ಅಕ್ಕನಿಗೆ ಹೇಳಿದೆ. ಹೇಳಬೇಡ ಅಂದದ್ದನ್ನು ಹೇಳದೆ ಇರಲು ನಾನು ಬೇರೆ ಮನೆ ಮಾಡಬೇಕಾಗುತ್ತದೆ. ಅವಳು ಸಂತೋಷಪಟ್ಟಳು, ಆಮೇಲೆ ಕೆಂಚಪ್ಪನ ಮಂಡಿಯ ಊತಕ್ಕೆ ಎಣ್ಣೆ ಕೊಟ್ಟು ಕಳಿಸಿದಳು. ಐವತ್ತೆರಡರ ವಯಸ್ಸಿನಲ್ಲಿ ಎರಡು ಗಂಟೆ ನಲವತ್ತೊಂದು ಅವನಿಗೆ ಆಟವಲ್ಲ.

ಪಟ್ಟಿ ಸರಿ ಬಂದಿದೆ, ಒಪ್ಪಿದೆ. ಮಕ್ಕಳಿಗೆ ಪಾಠ ಹೇಳುತ್ತಾ, ಜೊತೆಗೆ ಟಪ್ಪಾಲಿನ ಚೀಲ ಇಳಿಸಿಕೊಳ್ಳುತ್ತಾ ಹನ್ನೆರಡು ವರ್ಷ ಕಳೆದ ನನಗೆ ಒಂದೇ ಮಾತು ತೋಚುತ್ತದೆ. ಪರೀಕ್ಷೆಗೆ ಕೂತವನು ಬರೆದದ್ದು ಅವನಿಗೆ ಗೊತ್ತಿರುವುದಷ್ಟೇ ಅಂತ ತಿಳಿಯಬೇಡ. ಇದನ್ನು ಹೆಚ್ಚು ಬೆಳೆಸುವುದಿಲ್ಲ.

ಮಹಾರಾಜರ ವರ್ಧಂತಿಯ ದಿನ ಟಪ್ಪಾಲಿನವರಿಗಾಗಿ ಒಂದು ಓಟ ಇಟ್ಟಿದ್ದಾರೆ. ಚೀಲ ಹೊತ್ತು ತರೀಕೆರೆಯಿಂದ ಇಲ್ಲಿಗೆ, ಅದೇ ಹದಿಮೂರು ಮೈಲಿ. ಕಡೂರಿನ ಕೊಬ್ಬರಿ ಮಂಡಿಯವರೊಬ್ಬರು ಗೆದ್ದವನಿಗೆ ಒಂದು ಜೊತೆ ಹೋರಿಗರು ಕೊಡುತ್ತಾರಂತೆ. ತರೀಕೆರೆಯಲ್ಲಿ ಅವರನ್ನು ಬಿಡುವವನು ನೀನು, ಇಲ್ಲಿ ಹೊತ್ತು ಬರೆದುಕೊಳ್ಳುವವನು ನಾನು. ಭಾವ ಮೈದುನರಿಬ್ಬರೂ ಸೇರಿ ಆ ಹೋರಿಗರುಗಳನ್ನು ಹೊಡೆದುಕೊಂಡರು ಅಂತ ಊರು ಅನ್ನದಿದ್ದರೆ ಸಾಕು.

ಈರಭದ್ರಪ್ಪ


ಕಡೂರು
18-6-1913

ಭಾವನವರಿಗೆ ಶರಣು. ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಬೇಡಿ.

ವರ್ಧಂತಿಯ ದಿನ, ದಿನವೂ ಚೀಲ ಹೊರಡುವ ಏಳು ಗಂಟೆಗೇ ಸರಿಯಾಗಿ ತರೀಕೆರೆಯಲ್ಲಿ ನಾನೇ ಕೈ ಬೀಸಿ ನಾಲ್ವರನ್ನೂ ಬಿಟ್ಟೆ. ಮುನಾವರ್, ದೊಡ್ಡಬೀರಪ್ಪ, ಕೆಂಚಪ್ಪ ಮೂವರೂ ಪಟ್ಟಿಯ ಹೊತ್ತಿಗೇ ಬಂದಿದ್ದಾರೆ. ಕರಿಸಿದ್ದಪ್ಪ ಬಂದದ್ದು ಎಂಟು ನಲವತ್ತೇಳಕ್ಕೆ ಅಂತ ನೀವು ಬರೆದಿದ್ದೀರಿ. ಅಂದರೆ ಒಂದು ಗಂಟೆ ನಲವತ್ತೇಳು ನಿಮಿಷ. ಪಟ್ಟಿಗಿಂತ ನಲವತ್ತನಾಲ್ಕು ನಿಮಿಷ ಮುಂಚೆ.

ಐದು ನಿಮಿಷವಾಗಿದ್ದರೆ ಹಬ್ಬದ ಹುರುಪು ಅನ್ನುತ್ತಿದ್ದೆ. ಹತ್ತಾಗಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಮೂರು ಮೈಲಿಗೆ ಮೂವತ್ತೆರಡು ನಿಮಿಷ ತೆಗೆದುಕೊಂಡ ಕಾಲುಗಳು ಅದೇ ಚೀಲ ಹೊತ್ತು ಹದಿಮೂರು ಮೈಲಿಯನ್ನು ಈ ಹೊತ್ತಿಗೆ ಓಡಲಾರವು. ನಡುದಾರಿಯಲ್ಲಿ ಏನೋ ನಡೆದಿದೆ. ಗಾಡಿ ಹತ್ತಿದ್ದಾನೆ, ಇಲ್ಲವೇ ಚೀಲ ಇನ್ನೊಬ್ಬನ ಹೆಗಲಿಗೆ ಹೋಗಿದೆ. ಹಬ್ಬದ ದಿನ ಚೀಲವನ್ನು ಪರರ ಕೈಗೆ ಕೊಟ್ಟವನು ಉಳಿದ ದಿನವೂ ಕೊಡುತ್ತಾನೆ. ಇದು ಹೋರಿಗರುಗಳ ಮಾತಲ್ಲ. ಜನರ ಪತ್ರಗಳು ಯಾರ ಯಾರ ಕೈ ದಾಟಿ ಬರುತ್ತಿವೆ ಎಂಬ ಮಾತು. ಋಜುವಾತಾದರೆ ಅವನ ಕೆಲಸ ಹೋಗುತ್ತದೆ.

ಐದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಗಡಿಯಾರ ಸ್ಟೇಷನ್ನಿನ ಗಡಿಯಾರಕ್ಕೆ ಸರಿಯಿತ್ತೇ? ಅವನು ಒಬ್ಬನೇ ಬಂದನೇ? ಅವನ ಹಿಂದೆ ಮುಂದೆ ಗಾಡಿ, ಕುದುರೆ ಏನಾದರೂ ಊರೊಳಗೆ ಬಂತೇ? ಚೀಲದ ಅರಗು ಒಡೆದಿತ್ತೇ? ಬಂದು ನಿಂತಾಗ ಅವನು ಹೇಗಿದ್ದ, ಮೊದಲು ಆಡಿದ ಮಾತೇನು?

ಷಣ್ಮುಖಪ್ಪ


ಅಜ್ಜಂಪುರ
22-6-1913

ಷಣ್ಮುಖನಿಗೆ ಆಶೀರ್ವಾದ.

ಗಡಿಯಾರ ಸರಿಯಿತ್ತು. ಹಿಂದಿನ ದಿನವೇ ಸ್ಟೇಷನ್ನಿಗೆ ಹೋಗಿ ನೋಡಿಕೊಂಡು ಬಂದಿದ್ದೆ. ಒಬ್ಬನೇ ಬಂದ. ಗಾಡಿಯೂ ಇಲ್ಲ, ಕುದುರೆಯೂ ಇಲ್ಲ. ಊರ ಮುಂದಿನ ನೇರ ರಸ್ತೆಯಲ್ಲಿ ಅರ್ಧ ಮೈಲಿಯಿಂದ ನಾನೂ ನೂರು ಜನವೂ ಅವನನ್ನು ಕಂಡೆವು. ಅರಗು ಗಟ್ಟಿಯಾಗಿತ್ತು.

ಹುಡುಗ ಒಳ್ಳೆಯವನು. ಮನೆಯಲ್ಲಿ ತಾಯಿ ಹುಚ್ಚಮ್ಮ, ಹೆಂಡತಿ, ಎರಡು ಮಕ್ಕಳು. ಹೊಲವಿಲ್ಲ. ಈ ಚೀಲವೇ ಆ ಐವರ ಊಟ. ನಿನ್ನ ಗುಮಾನಿಗೆ ಕೈಕಾಲು ಬರುವ ಮುಂಚೆ ಇಷ್ಟನ್ನು ತಲೆಯಲ್ಲಿಟ್ಟುಕೊ.

ಈರಭದ್ರಪ್ಪ


ಕಡೂರು
29-6-1913

ಭಾವನವರಿಗೆ,

ನಾನು ಕೇಳಿದ್ದು ಐದು. ನೀವು ಉತ್ತರಿಸಿದ್ದು ನಾಲ್ಕು. ಐದನೆಯದರ ಜಾಗದಲ್ಲಿ ಅವನ ಮನೆಮಂದಿಯ ಎಣಿಕೆ ಕೊಟ್ಟಿದ್ದೀರಿ. ಮೇಷ್ಟರಾದ ನಿಮಗೆ ಎಣಿಸುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಹಾಗಾದರೆ ಬೇಕೆಂದೇ ಬಿಟ್ಟಿದ್ದೀರಿ.

ನಾನು ಸುಮ್ಮನೆ ಕೂತಿಲ್ಲ. ತರೀಕೆರೆಗೆ ಹೋಗಿ ಬಂದೆ. ವರ್ಧಂತಿಯ ದಿನ ಬೆಳಿಗ್ಗೆ ಖಾಸಿಂ ಸಾಬ್ ಎಂಬುವರ ಜಟಕಾ ಅಜ್ಜಂಪುರದ ದಾರಿಯಿಂದ ಖಾಲಿಯಾಗಿ ವಾಪಸು ಬಂದದ್ದನ್ನು ಇಬ್ಬರು ಕಂಡಿದ್ದಾರೆ. ಅವರನ್ನೇ ಹಿಡಿದು ಕೇಳಿದೆ. ಲಾಯದಲ್ಲಿ ಕುದುರೆಗೆ ಹುರುಳಿ ಇಡುತ್ತಿದ್ದರು, ತಲೆ ಕೂಡ ಎತ್ತಲಿಲ್ಲ. "ನಮ್ ಕುದ್ರೇನ ನೋಡಿ ಸ್ವಾಮಿ. ಹದಿನಾಕ್ ವರ್ಸ ಅದಕ್ಕೆ. ಅಜ್ಜಂಪುರಕ್ ಹೋಗಾಕೆ ಎರಡೂವರೆ ಗಂಟೆ ಬೇಕು. ಕರಿಸಿದ್ದಪ್ಪ ಇದರ ಮೇಲ್ ಕೂತಿದ್ರೆ ಸೋತೋಗೋನು" ಅಂದರು. ಲಾಯದಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಇಷ್ಟು ಸಲೀಸಾಗಿ ಉತ್ತರ ಬರಬೇಕಾದರೆ ಅದನ್ನು ಮೊದಲೇ ತಯಾರು ಮಾಡಿಟ್ಟುಕೊಂಡಿರಬೇಕು.

ಕರಿಸಿದ್ದಪ್ಪನನ್ನೂ ಕೇಳಿದೆ. "ಓಡ್ದೆ ಸ್ವಾಮಿ" ಅಂದ. ಹೇಗೆ ಓಡಿದೆ? "ಕಾಲಲ್ಲಿ." ಜನವರಿಯಲ್ಲಿ ಯಾಕೆ ಹೀಗೆ ಓಡಲಿಲ್ಲ? ನೆಲ ನೋಡುತ್ತಾ ನಿಂತ. ಕೆಂಚಪ್ಪ ಪಕ್ಕದಲ್ಲಿದ್ದ, ಅವನೂ ನೆಲ ನೋಡಿದ. ಇಬ್ಬರ ನಡುವೆ ಏನೋ ಇದೆ. ಅದು ನಿಮಗೆ ಗೊತ್ತು ಅಂತಲೂ ನನಗೆ ಅನ್ನಿಸತೊಡಗಿದೆ.

ತಪ್ಪು ತಿಳಿಯಬೇಡಿ, ಕೇಳದೆ ಇರಲಾರೆ. ಆ ದಿನ ನೀವು ಹೊತ್ತು ಬರೆದುಕೊಂಡದ್ದು ನಿಜವೇ? ಬಡವನಿಗೆ ಹೋರಿಗರು ಸಿಗಲಿ ಅಂತ ಮುಳ್ಳನ್ನು ಹಿಂದಕ್ಕೆ ತಿರುಗಿಸಲಿಲ್ಲ ಅಂತ ಅಕ್ಕನ ಮೇಲೆ ಆಣೆ ಮಾಡಿ ಬರೆಯಿರಿ.

ಷಣ್ಮುಖಪ್ಪ


ಅಜ್ಜಂಪುರ
17-7-1913

ಷಣ್ಮುಖಪ್ಪನವರಿಗೆ,

ಗಡಿಯಾರ ತಿರುಗಿಸಿಲ್ಲ. ಆಣೆ ಮಾಡುವುದಿಲ್ಲ.

ಈರಭದ್ರಪ್ಪ

ಇದು ನಿನ್ನ ಅಕ್ಕ ಸಾವಿತ್ರಮ್ಮ ಹೇಳಿ ಬರೆಸಿದ್ದು, ನನ್ನ ಮಾತಲ್ಲ: "ಲೋ ಷಣ್ಮುಖ, ನಿನ್ ಕಾಗದ ಬಂದಾಗಿನಿಂದ ನಿಮ್ ಭಾವ ಸರಿಯಾಗಿ ಉಂಡಿಲ್ಲ ಕಣೋ. ಚಿಕ್ಕೋನಿದ್ದಾಗ ಬೆಲ್ಲದ ಡಬ್ಬಿ ಮುಚ್ಚಳಕ್ಕೆ ದಾರ ಕಟ್ಟಿ ಯಾರು ತೆಗುದ್ರು ಅಂತ ಕಾಯ್ತಿದ್ಯಲ್ಲ, ಆ ಬುದ್ಧಿ ಇನ್ನೂ ಹೋಗಿಲ್ವಾ? ನನ್ ಮೇಲೆ ಆಣೆ ಇಡ್ಸಾಕೆ ನೀನು ಯಾರು? ಗೌರಿ ಹಬ್ಬಕ್ಕೆ ಬಾ, ಇಲ್ಲಾಂದ್ರೆ ಬರ್ಲೇಬೇಡ."


ಕಡೂರು
20-7-1913

ಭಾವನವರಿಗೆ,

ನನ್ನನ್ನು ನೀವು ಬಹುವಚನದಲ್ಲಿ ಕರೆದದ್ದು ಇದೇ ಮೊದಲು. ಅರ್ಥವಾಯಿತು.

ಆದರೆ ಇದು ಕಛೇರಿಯ ಕೆಲಸ. ಪಟ್ಟಿ ಸುಳ್ಳೋ ಕರಿಸಿದ್ದಪ್ಪ ಸುಳ್ಳೋ, ಎರಡರಲ್ಲಿ ಒಂದು. ಆಗಸ್ಟ್ ಎರಡನೆಯ ತಾರೀಖು ಅವನು ತರೀಕೆರೆಯಿಂದ ಅದೇ ಚೀಲ ಹೊತ್ತು ಮತ್ತೆ ಓಡಬೇಕು. ಮೊದಲಿನಿಂದ ಕೊನೆಯವರೆಗೂ ನಾನು ಸೈಕಲ್ಲಿನಲ್ಲಿ ಬೆನ್ನ ಹಿಂದೆಯೇ ಇರುತ್ತೇನೆ. ಒಂದೊಂದು ಮೈಲಿಕಲ್ಲಿಗೂ ಹೊತ್ತು ಬರೆದುಕೊಳ್ಳುತ್ತೇನೆ. ಸುಮಾರು ಒಂದೂ ಮುಕ್ಕಾಲು ಗಂಟೆಯಲ್ಲಿ ಓಡಿ ತೋರಿಸಿದರೆ ನಾಲ್ಕು ಜನರ ಮುಂದೆ ಕ್ಷಮೆ ಕೇಳುತ್ತೇನೆ. ಆಮೇಲೆ ಆ ಹೊತ್ತನ್ನೇ ಆಧಾರ ಮಾಡಿಕೊಂಡು ನಾಲ್ವರಿಗೂ ಹೊಸ ಪಟ್ಟಿ ಹಾಕುತ್ತೇನೆ, ಒಬ್ಬನಿಗೆ ಆಗುವುದು ಉಳಿದವರಿಗೆ ಯಾಕೆ ಆಗದು. ಓಡದಿದ್ದರೆ ಹೋರಿಗರು ವಾಪಸು, ಅವನು ಮನೆಗೆ.

ಇದನ್ನು ಅವನಿಗೆ ತಿಳಿಸಿ. ಒಂದು ಅಕ್ಷರವನ್ನೂ ಬಿಡದೆ ತಿಳಿಸಿ.

ಷಣ್ಮುಖಪ್ಪ


ಕಡೂರು
5-8-1913

ಭಾವನವರಿಗೆ ಶರಣು.

ನಿಮ್ಮ ಜಗಲಿಯ ಮೇಲೆ ಮಾತಾಡಲು ಆಗಲಿಲ್ಲ. ಅಕ್ಕ ಕರಿಸಿದ್ದಪ್ಪನಿಗೆ ಮಜ್ಜಿಗೆ ಕೊಟ್ಟಳು, ನನಗೆ ಕೊಡಲಿಲ್ಲ. ಅದನ್ನು ಗಮನಿಸಿದೆ.

ಎರಡು ಗಂಟೆ ಮೂವತ್ತೊಂದು ನಿಮಿಷ. ನೀವೂ ನೋಡಿದಿರಿ. ಮೂವತ್ತಲ್ಲ, ಮೂವತ್ತೆರಡಲ್ಲ. ಮೂರು ಮೈಲಿ ನೋಡಿ ಏಳು ತಿಂಗಳ ಹಿಂದೆ ನಾನು ಬರೆದಿಟ್ಟ ನಿಮಿಷಕ್ಕೇ ಆ ಮನುಷ್ಯ ಬಂದು ನಿಂತ. ನನ್ನ ಕಣ್ಣಲ್ಲಿ ನೀರು ಬಂತು ಅಂದರೆ ನೀವು ನಗುತ್ತೀರಿ. ಇಂಥ ಲೆಕ್ಕ ಇಡೀ ಸಂಸ್ಥಾನದಲ್ಲಿ ಯಾರೂ ಮಾಡಿಲ್ಲ.

ವರ್ಧಂತಿಯ ದಿನ ಅವನು ಮೋಸ ಮಾಡಿದ ಅಂತ ಇನ್ನು ಬೇರೆ ಋಜುವಾತು ಬೇಕಾಗಿಲ್ಲ. ಹೇಗೆ ಮಾಡಿದ ಅಂತ ಕೇಳಿದೆ, ಬಾಯಿ ಬಿಡಲಿಲ್ಲ. ಸೊಂಟದ ಪಟ್ಟಿ ಬಿಚ್ಚಿ ಚೀಲದ ಮೇಲಿಟ್ಟ, ಓಡುವಾಗ ಹಿಡಿಯುವ ಗೆಜ್ಜೆಕೋಲನ್ನು ಗೋಡೆಗೆ ಒರಗಿಸಿದ, ನಿಮಗೆ ಕೈಮುಗಿದು ಹೋದ. ತಪ್ಪಿಲ್ಲದವನು ಜಗಳವಾಡುತ್ತಾನೆ. ಅವನ ಹೆಸರು ಹೊಡೆದುಹಾಕಿದ್ದೇನೆ. ವರದಿ ಚಿಕ್ಕಮಗಳೂರಿಗೆ ಹೋಯಿತು. ಮೈಲಿಕಲ್ಲುಗಳ ಹೊತ್ತನ್ನು ಶುದ್ಧಪ್ರತಿ ಮಾಡಿ ಆಮೇಲೆ ಕಳಿಸಬೇಕು.

ನಿಮ್ಮ ಮೇಲಿನ ಗುಮಾನಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅವನು ನಿಮ್ಮ ಕಣ್ಣಿಗೂ ಮಣ್ಣೆರಚಿದ. ಗೌರಿ ಹಬ್ಬಕ್ಕೆ ಬರಲೇ?

ಷಣ್ಮುಖಪ್ಪ


ಕಡೂರು
26-8-1913

ಭಾವನವರಿಗೆ,

ಮೂರು ವಾರವಾಯಿತು, ಉತ್ತರವಿಲ್ಲ. ಹಬ್ಬಕ್ಕೆ ಬಾ ಅಂತಲೂ ಬರೆಯಲಿಲ್ಲ, ಬೇಡ ಅಂತಲೂ ಬರೆಯಲಿಲ್ಲ.

ನಿನ್ನೆ ಮೈಲಿಕಲ್ಲುಗಳ ಹೊತ್ತನ್ನು ಶುದ್ಧಪ್ರತಿ ಮಾಡಲು ಕೂತೆ. ಮೊದಲ ಮೈಲಿ ಹನ್ನೊಂದೂವರೆ ನಿಮಿಷ. ಎರಡನೆಯದು ಹನ್ನೊಂದು ಮುಕ್ಕಾಲು. ಐದನೆಯದು ಹನ್ನೊಂದೂವರೆ. ಒಂಬತ್ತನೆಯದು ಏರು ದಾರಿ, ಅಲ್ಲೂ ಹನ್ನೊಂದು ಮುಕ್ಕಾಲು. ಹದಿಮೂರನೆಯದು ಹನ್ನೊಂದೂವರೆ. ಬರೆಯುತ್ತಾ ಬರೆಯುತ್ತಾ ಕೈ ನಿಂತಿತು.

ನನ್ನ ಇಡೀ ಲೆಕ್ಕ ನಿಂತಿರುವುದು ಮನುಷ್ಯ ದಣಿಯುತ್ತಾನೆ ಎಂಬುದರ ಮೇಲೆ. ಎರಡು ಗಂಟೆ ಮೂವತ್ತೊಂದು ನಿಮಿಷದಲ್ಲಿ ಬರುವವನು ಮೊದಲ ಮೈಲಿಯನ್ನು ಹತ್ತು ನಿಮಿಷಕ್ಕೆ ಓಡಿ, ಕೊನೆಯದನ್ನು ಕಾಲೆಳೆಯುತ್ತಾ ಹನ್ನೆರಡೂಕಾಲಕ್ಕೆ ಮುಗಿಸಬೇಕು. ಇವನು ದಣಿಯಲೇ ಇಲ್ಲ. ಒಟ್ಟು ಮಾತ್ರ ನನ್ನದು. ಓಟ ನನ್ನದಲ್ಲ. ಗಡಿಯಾರವಿಲ್ಲದ ಮನುಷ್ಯ ಆ ಒಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಹೆಜ್ಜೆ ಹಂಚಿಕೊಂಡು ಬಂದಿದ್ದಾನೆ. ಸೈಕಲ್ಲಿನ ಮೇಲೆ ನಾನು ಬೆವರುತ್ತಿದ್ದೆ. ಅವನ ಬೆನ್ನು ಒಣಗಿಯೇ ಇತ್ತು. ಆಗ ಅದನ್ನು ಕಂಡೆ, ಆದರೆ ಅದೇನೆಂದು ಯೋಚಿಸಲಿಲ್ಲ.

ಆಮೇಲೆ ನಿಮ್ಮ ಏಪ್ರಿಲ್ ಪಟ್ಟಿಯನ್ನು ಮತ್ತೆ ತೆಗೆದೆ. ದಿನದಿನವೂ ನಾಲ್ವರೂ ಪಟ್ಟಿಯ ಹೊತ್ತಿಗೇ ಬಂದಿದ್ದಾರೆ. ಮೋಡದ ದಿನವೂ ಅಷ್ಟೇ, ಉರಿಬಿಸಿಲಿನ ದಿನವೂ ಅಷ್ಟೇ. ಮನುಷ್ಯರ ಕಾಲು ಹಾಗಿರುವುದಿಲ್ಲ. ಯಾರನ್ನೂ ನಂಬದ ನಾನು ಇದೊಂದನ್ನು ಕಣ್ಣುಮುಚ್ಚಿ ನಂಬಿದ್ದೆ, ಯಾಕೆಂದರೆ ಇದು ನನ್ನನ್ನು ಹೊಗಳುತ್ತಿತ್ತು.

ನೀವು ಮೊದಲಿನಿಂದ ಬಲ್ಲಿರಿ. ಇನ್ನು ಮುಚ್ಚಬೇಡಿ. ಅವನು ನಿಜವಾಗಿ ಓಡಬಲ್ಲವನಾದರೆ ನನ್ನ ಮುಂದೆ ಯಾಕೆ ಓಡಲಿಲ್ಲ? ಯಾರಾದರೂ ಬೇಕೆಂದೇ ಕಳ್ಳ ಅನ್ನಿಸಿಕೊಳ್ಳುತ್ತಾರೆಯೇ?

ಷಣ್ಮುಖ


ಅಜ್ಜಂಪುರ
30-8-1913

ಷಣ್ಮುಖನಿಗೆ,

ಕೇಳಿದ್ದೀಯ, ಹೇಳುತ್ತೇನೆ. ಓವರ್ಸಿಯರಿಗೆ ಅಲ್ಲ, ಮೈದುನನಿಗೆ.

ಆ ದಾರಿಯಲ್ಲಿ ಹಿಂದಿನಿಂದ ಒಂದು ಕಟ್ಟಳೆಯಿದೆ. ನಾಲ್ವರಲ್ಲಿ ವಯಸ್ಸಾದವನು ಎಷ್ಟು ಹೊತ್ತಿಗೆ ಬರುತ್ತಾನೋ ಅದರ ಆಸುಪಾಸಿನಲ್ಲೇ ಉಳಿದವರೂ ಬರಬೇಕು. ಬಲವಿದೆ ಅಂತ ಯಾರೂ ಮುಂದೆ ಬರಕೂಡದು. ಬಂದರೆ ನಾಳೆ ನಿನ್ನಂಥವನೊಬ್ಬ ಗಡಿಯಾರ ಹಿಡಿದು ಬಂದು, ಒಬ್ಬನಿಗೆ ಆಗುವುದು ಉಳಿದವರಿಗೆ ಯಾಕೆ ಆಗದು ಅನ್ನುತ್ತಾನೆ. ನೀನು ಅದನ್ನೇ ಬರೆದೆ. ಕರಿಸಿದ್ದಪ್ಪನಿಗೂ ಮುಂದೆ ಮಂಡಿ ಊದುವ ದಿನ ಬರುತ್ತದೆ, ಆಗ ಚಿಕ್ಕವರು ಅವನ ಹೆಜ್ಜೆಗೆ ಓಡುತ್ತಾರೆ. ಈ ಕಟ್ಟಳೆಯಿಂದಲೇ ಆ ದಾರಿಯಲ್ಲಿ ಇದುವರೆಗೆ ಯಾವ ಮುದುಕನೂ ಹೊತ್ತು ಮೀರಿದನೆಂದು ಕೆಲಸ ಕಳೆದುಕೊಂಡಿಲ್ಲ.

ಜನವರಿಯಲ್ಲಿ ನಿನ್ನ ಮುಂದೆ ಕೆಂಚಪ್ಪನೊಬ್ಬ ಉಸಿರು ಕಟ್ಟಿ ಓಡಿದ. ಉಳಿದ ಮೂವರು ಅವನ ಹೆಜ್ಜೆ ನೋಡಿಕೊಂಡು ಚೂರು ಮುಂದೆ ಬಂದರು. ನಿನ್ನ ಲೆಕ್ಕ ತಪ್ಪಲ್ಲ ಕಣಪ್ಪಾ. ನಿಜವಾಗಿ ಓಡಿದ ಒಬ್ಬನ ಮಟ್ಟಿಗೆ ಅದು ನಿಜವನ್ನೇ ಹೇಳಿತು. ಉಳಿದವರು ಪಟ್ಟಿಯನ್ನು ಮುನಾವರ್ ಬಾಯಲ್ಲಿ ಓದಿಸಿ ಕೇಳಿ, ಮೊದಲ ವಾರ ಊರ ಹೊರಗಿನ ಬಾವಿಕಟ್ಟೆಯ ಮೇಲೆ ಕೂತು ಹೊತ್ತು ಕಳೆದು ಬಂದರು. ಅವರಿಗೆ ಕೇಳಲಿ ಅಂತ ಒಂಬತ್ತೂವರೆಗೆ ಸರಿಯಾಗಿ ಸ್ಕೂಲಿನ ಗಂಟೆ ಜೋರಾಗಿ ಹೊಡೆದವನು ನಾನೇ. ಆಮೇಲೆ ಅವರ ಕಾಲಿಗೇ ಹೊತ್ತು ಗೊತ್ತಾಯಿತು. ಗಡಿಯಾರ ತಿರುಗಿಸಿಲ್ಲ ಅಂದದ್ದು ನಿಜ, ಆದರೆ ಆಣೆ ಮಾಡುವಷ್ಟು ಶುದ್ಧನಲ್ಲ.

ಇನ್ನು ನಿನ್ನ ಐದನೆಯ ಪ್ರಶ್ನೆ. ವರ್ಧಂತಿಯ ದಿನ ಅವನು ಬಂದು ನಿಂತಾಗ ಮೈಯೆಲ್ಲ ಬೆವರು, ಮುಖದಲ್ಲಿ ನಗು. "ಆರು ವರ್ಸದಿಂದ ಕಾಲು ಕಟ್ಕಂಡೇ ಓಡಿದೀನಿ ಮೇಷ್ಟ್ರೇ. ಹಬ್ಬದ ಓಟಕ್ಕೂ ಕೆಲ್ಸಕ್ಕೂ ಏನ್ ಸಂಬಂಧ ಅಂದ್ಕಂಡೆ. ಒಂದಿನ ಓಡ್ಬೇಕು ಅನ್ನುಸ್ತು, ಓಡ್ಬಿಟ್ಟೆ" ಅಂದ. ಹಬ್ಬದ ಓಟವನ್ನೂ ನೀನು ಪಟ್ಟಿಗೆ ಹಿಡಿಯುತ್ತೀಯ ಅಂತ ಅವನಿಗೆ ಹೊಳೆಯಲೇ ಇಲ್ಲ.

ಆಗಸ್ಟ್ ಓಟಕ್ಕೆ ಮೊದಲು ನಿನ್ನ ಕಾಗದವನ್ನು ಒಂದು ಅಕ್ಷರ ಬಿಡದೆ ಅವನಿಗೆ ಓದಿದೆ. ಓಡು, ನಿನ್ನ ಕೆಲಸ ಉಳಿಯುತ್ತದೆ ಅಂದೆ. "ನಂದು ಉಳೀತದೆ. ಕೆಂಚಣ್ಣನ್ದು?" ಅಂದ.

ಈಗ ಅವನು ಬೀರೂರಿನ ಹತ್ತಿರ ರೈಲುದಾರಿಗೆ ಜಲ್ಲಿ ಒಡೆಯುತ್ತಿದ್ದಾನೆ. ಹೋರಿಗರುಗಳನ್ನು ತಾನೇ ಹೊಡೆದುಕೊಂಡು ಹೋಗಿ ಕಡೂರಿನಲ್ಲಿ ಕಟ್ಟಿ ಬಂದ. ಸಂತೆಯಲ್ಲಿ ಕಂಡವರು ಅವನ ತಾಯಿಯನ್ನು, ಜಟಕಾ ಎಷ್ಟಕ್ಕೆ ಗೊತ್ತು ಮಾಡಿದ್ರಿ ಹುಚ್ಚಮ್ಮ ಅಂತ ಕೇಳುತ್ತಾರೆ. ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ ಷಣ್ಮುಖ, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಜೂನ್‌ನಲ್ಲೇ ಹೇಳಿದ್ದರೆ ನೀನು ಏನು ಮಾಡುತ್ತಿದ್ದೆಯೋ ಗೊತ್ತಿರಲಿಲ್ಲ. ಮೈದುನನನ್ನು ನಂಬಲಿಲ್ಲ. ಅನುಮಾನ ನಿನ್ನೊಬ್ಬನ ರೋಗವಲ್ಲ.

ನೀನು ನಿಜ ಬರೆದರೆ ಕರಿಸಿದ್ದಪ್ಪನಿಗೆ ಕೆಲಸ ಸಿಗುತ್ತದೆ, ಹೊಸ ಪಟ್ಟಿ ಬರುತ್ತದೆ, ಕೆಂಚಪ್ಪ ವಾರದಲ್ಲಿ ಮೂರು ಸಲ ಹೊತ್ತು ಮೀರುತ್ತಾನೆ. ಬರೆಯದಿದ್ದರೆ ನೀನು ಚಿಕ್ಕಮಗಳೂರಿಗೆ ಹೋಗುತ್ತೀಯ. ಹೀಗೆ ಮಾಡು ಅಂತ ನಾನು ಹೇಳುವುದಿಲ್ಲ.

ಈರಭದ್ರಪ್ಪ


ತರೀಕೆರೆ
29-9-1913

ಭಾವನವರಿಗೆ ಷಣ್ಮುಖನ ಶರಣು.

ಊರಿನ ಹೆಸರು ನೋಡಿ ಗಾಬರಿಯಾಗಬೇಡಿ. ಈಗ ನಾನು ಇಲ್ಲಿ ಗುಮಾಸ್ತ. ಸೈಕಲ್ಲನ್ನು ಕಡೂರಿನಲ್ಲೇ ಒಪ್ಪಿಸಿ ಬಂದೆ.

ನಿಮ್ಮ ಪತ್ರ ಬಂದ ಮೇಲೆ ಹದಿನೈದು ದಿನ ಏನೂ ಮಾಡಲಿಲ್ಲ, ಸುಳ್ಳು ಹೇಳುವುದಿಲ್ಲ. ಚಿಕ್ಕಮಗಳೂರಿನ ಮನೆಯನ್ನು ಮನಸ್ಸಿನಲ್ಲೇ ಸುಣ್ಣ ಹೊಡೆಸಿ ಇಟ್ಟಿದ್ದೆ. ಒಂದು ದಿನ ಬೀರೂರಿಗೆ ಹೋದೆ. ಕರಿಸಿದ್ದಪ್ಪ ಜಲ್ಲಿ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಸುತ್ತಿಗೆ ಬೀಸುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಕಾಲು ಜೋಮು ಹಿಡಿದಿತ್ತು, ಎರಡು ಹೆಜ್ಜೆ ಕುಂಟಿದ. ಅವನೇ, "ಹೊತ್ತಾಯ್ತಾ ಸ್ವಾಮಿ, ಇಲ್ಲೂ ಬರ್ಕೊಳಾಕೆ ಬಂದ್ರಾ" ಅಂದ. ಕುಹಕವಿರಲಿಲ್ಲ, ನಿಜವಾಗಿಯೂ ಹೆದರಿದ್ದ. ಅಲ್ಲಿಂದ ನೇರ ಮೇಲಿನವರ ಹತ್ತಿರ ಹೋದೆ.

ನನ್ನ ಪಟ್ಟಿ ಬರೀ ಊಹೆ ಅಂತ ಬರೆದುಕೊಟ್ಟೆ. ಮೂರು ಮೈಲಿಯ ಓಟದಿಂದ ಹದಿಮೂರು ಮೈಲಿಯ ಹೊತ್ತು ಹೇಳಲು ಬರುವುದಿಲ್ಲ, ಅದನ್ನು ನೆಚ್ಚಿ ಒಬ್ಬನನ್ನು ಕೆಲಸದಿಂದ ತೆಗೆದದ್ದು ನನ್ನ ತಪ್ಪು, ಆಗಸ್ಟ್ ಓಟದ ದಿನ ನನ್ನ ಗಡಿಯಾರ ಕೆಟ್ಟಿತ್ತು ಅಂತಲೂ ಸೇರಿಸಿದೆ. ಹಾಗಾದರೆ ಅವನು ಎಷ್ಟು ಹೊತ್ತಿಗೆ ಓಡಿದ ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಲೆಕ್ಕದಲ್ಲಿ ನಾನು ಆಡಿದ ಮೊದಲ ಸುಳ್ಳು ಅದು. ಲೆಕ್ಕ ಸರಿಯಿದೆ ಅಂತ ಭೂಮಿಯ ಮೇಲೆ ಬಲ್ಲವರು ನಾವಿಬ್ಬರೇ.

ಪಟ್ಟಿ ರದ್ದಾಗಿದೆ, ಹಳೆಯ ಮೂರು ಗಂಟೆಯೇ ಮತ್ತೆ ಜಾರಿ. ಕರಿಸಿದ್ದಪ್ಪ ಒಂದನೆಯ ತಾರೀಖಿನಿಂದ ಕೆಲಸಕ್ಕೆ ಬರಬಹುದು. ಆಜ್ಞೆ ನಾಳಿನ ಚೀಲದಲ್ಲಿ ಬರುತ್ತದೆ. ಹೋರಿಗರುಗಳನ್ನು ಮಂಡಿಯವರು ಅವನ ಮನೆಗೇ ಕಳಿಸುತ್ತಾರೆ. ಯಾಕೆ, ಹೇಗೆ ಅಂತ ಅವನಿಗೆ ಹೇಳಬೇಡಿ.

ಇನ್ನು ಮುಖ್ಯವಾದ ಮಾತು. ನನ್ನ ಜಾಗಕ್ಕೆ ಶಿವಮೊಗ್ಗೆಯ ಕಡೆಯಿಂದ ಒಬ್ಬರು ಬಂದಿದ್ದಾರೆ. ಜೇಬಿನಲ್ಲಿ ಎರಡು ಗಡಿಯಾರ. ನನ್ನ ಹಳೆಯ ಕಾಗದಗಳನ್ನೆಲ್ಲ ತರಿಸಿಕೊಂಡು ಓದುತ್ತಿದ್ದಾರೆ. ದೀಪಾವಳಿಗೆ ಮುಂಚೆ ಆ ನಾಲ್ವರನ್ನೂ ಓಡಿಸುತ್ತಾರಂತೆ, ಈ ಸಲ ಪೂರ್ತಿ ಹದಿಮೂರು ಮೈಲಿ, ಕಲ್ಲು ಕಲ್ಲಿಗೂ ಒಬ್ಬ ಆಳು ನಿಲ್ಲಿಸಿ. ನಮ್ಮ ಟಪ್ಪಾಲಿನವರನ್ನು ಹೊತ್ತಿಗೆ ಸರಿಯಾಗಿ ಬರಲು ಬಿಡಬೇಡಿ. ನನಗೆ ಗೊತ್ತಾದದ್ದೇ ಅದರಿಂದ. ಒಬ್ಬ ಎಂಟು ನಿಮಿಷ ಮುಂಚೆ ಬರಲಿ, ಇನ್ನೊಬ್ಬ ಹತ್ತು ನಿಮಿಷ ತಡವಾಗಲಿ, ಮೊದಲ ಮೈಲಿಯಲ್ಲಿ ಚುರುಕಾಗಿ ಹೊರಟು ಕೊನೆಯಲ್ಲಿ ಸೋಲಲಿ.

ಸುಮ್ಮನೆ ಬಾಯಲ್ಲಿ ಹೇಳಿದರೆ ಅವರಿಗೆ ಆಗುವುದಿಲ್ಲ ಅಂತ, ಪ್ರಾಮಾಣಿಕವಾಗಿ ದಣಿಯುವವನು ಒಂದೊಂದು ಮೈಲಿಗೂ ಎಷ್ಟೆಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ ಎಂಬುದನ್ನು ನನ್ನ ಲೆಕ್ಕದಿಂದಲೇ ತೆಗೆದು ಇದರ ಜೊತೆ ಬರೆದು ಇಟ್ಟಿದ್ದೇನೆ. ಮುನಾವರ್ ಓದಿ ಹೇಳಲಿ, ಬಾಯಿಪಾಠವಾದ ಮೇಲೆ ಒಲೆಗೆ ಹಾಕಿ. ಮೂವರ ಹೆಸರಿನ ಮುಂದೆಯೂ ಹದಿಮೂರು ಹದಿಮೂರು ಅಂಕಿ ಇವೆ. ಕೆಂಚಪ್ಪನ ಹೆಸರಿನ ಮುಂದೆ ಏನೂ ಬರೆದಿಲ್ಲ. ಅವನು ಎಂದಿನಂತೆ ಓಡಲಿ, ಉಳಿದವರು ಅವನನ್ನು ನೋಡಿ ದಣಿಯಲಿ.

ಷಣ್ಮುಖ